ಹೊನ್ನಾಜಮ್ಮನ ಕಾಯಿಲೆಗೆ ಹೆಸರು

"ಕೇಳ್ರಪ್ಪೋ ಕೇಳ್ರಿ! ಕೆಂಗೋಟೆಯ ದೊರೆ ಸಿದ್ಧಮಲ್ಲ ನಾಯಕರ ಅಪ್ಪಣೆ! ರಾಜಕುಮಾರಿ ಹೊನ್ನಾಜಮ್ಮನವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರು ಕೇಳಿದ್ದನ್ನು ಪಡೆಯುತ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಉರುಳುತ್ತದೆ. ಯಾರೂ ಬಿಡಿಸದಿದ್ದರೆ ರಾಜಕುಮಾರಿಯವರು ಕಲ್ಲುಮನೆ ಸೇರುತ್ತಾರೆ!"

ಹುಚ್ಚರೆಂದು ಬರೆಸಿಕೊಂಡವರನ್ನು ಕೂಡಿಹಾಕುವ ಮನೆಯೇ ಕಲ್ಲುಮನೆ. ಒಳಗೆ ಹೋದವರುಂಟು, ಹೊರಗೆ ಬಂದವರನ್ನು ಯಾರೂ ಕಂಡಿಲ್ಲ. ಆಸ್ಥಾನ ವೈದ್ಯ ಶೇಷಪಂಡಿತ ರಾಜಕುಮಾರಿಯನ್ನು ಹೊಸ್ತಿಲಾಚೆಯಿಂದ ಒಂದು ಸಲ ನೋಡಿ, ಓಲೆಯ ಮೇಲೆ 'ಹುಚ್ಚು' ಎಂದು ಬರೆದುಕೊಟ್ಟಿದ್ದ. ಅವನ ಬಳಿ ಇದ್ದದ್ದೇ ಆ ಒಂದು ಹೆಸರು. "ನನ್ನನ್ನು ಅಳೆಯುವವರನ್ನು ಮೊದಲು ನಾನು ಅಳೆಯುತ್ತೇನೆ" ಎಂದು ಹಟ ಹಿಡಿದು ಒಗಟುಗಳನ್ನು ಮುಂದಿಟ್ಟವಳು ಹೊನ್ನಾಜಮ್ಮ. ತಲೆ ತೆಗೆಯುವ ಮಾತು ಮಾತ್ರ ದೊರೆಯದು. ಬಂದವರೆಲ್ಲ ಗೂಢಚಾರರೆಂದು ಅವನ ಗುಮಾನಿ. ಅವನ ಊಟವನ್ನು ಮೂವರು ರುಚಿ ನೋಡಬೇಕು, ದಿಂಬನ್ನು ಇಬ್ಬರು ತಡಕಬೇಕು. ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ, ದೊರೆಯಲ್ಲವೇ!

ಮೊದಲು ಬಂದವನು ಹುಲಿಗುಡ್ಡದ ಯುವರಾಜ. ಹೊನ್ನಾಜಮ್ಮ ಕೇಳಿದಳು: "ಈ ಅರಮನೆಯಲ್ಲಿ ಇಬ್ಬರು ದಿನವೂ ಬಾಗಿಲ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾರೆ. ಒಬ್ಬರಿಗೆ ಅದಕ್ಕಾಗಿ ಸಂಬಳ, ಇನ್ನೊಬ್ಬರಿಗೆ ಅದಕ್ಕಾಗಿ ಕಲ್ಲುಮನೆ. ಮಾಡುವುದು ಒಂದೇ ಆದಮೇಲೆ ಭೇದ ಎಲ್ಲಿದೆ?"

ಯುವರಾಜ ಮೀಸೆ ತಿರುವಿದ. "ಒಬ್ಬ ಗಂಡಸು, ಇನ್ನೊಬ್ಬಳು ಹೆಂಗಸು. ಅಷ್ಟೇ!"

ಅವನನ್ನು ಸೆರೆಗೆ ಎಳೆದೊಯ್ದರು. ಆಮೇಲೆ ಬಂದ ಮಂತ್ರವಾದಿ ಬೆರಳು ಮಡಿಸಿ ಎಣಿಸಿದ. "ಭೇದ ಲೆಕ್ಕದಲ್ಲಿದೆ. ಏಳು ಸಲ ಮುಟ್ಟಿದರೆ ಗ್ರಹಚೇಷ್ಟೆ."

"ಆರು ಸಲ ಮುಟ್ಟಿದವರು ಸುಖವಾಗಿರುತ್ತಾರೋ?" ಎಂದಳು ಹೊನ್ನಾಜಮ್ಮ. ಅವನೂ ಸೆರೆ ಸೇರಿದ.

ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಅರಮನೆಯ ಬಟ್ಟೆ ಒಗೆಯುವ ಮಡಿವಾಳ ಸಣ್ಣೀರ ಸಭೆಗೆ ಬಂದ. ಹರೆಯದವನು, ಬೆರಳತುದಿಗಳೆಲ್ಲ ನೀರಲ್ಲಿ ನೆನೆದು ಸುಕ್ಕಾಗಿದ್ದವು. ಶೇಷಪಂಡಿತ ಮೂಗು ಮುರಿದ. ಒಗಟು ಕೇಳಿ ಸಣ್ಣೀರ ತಲೆ ಕೆರೆದುಕೊಂಡ.

"ಅಮ್ಮಣ್ಣೀ, ಕಾವಲುಗಾರ ಚಿಲಕ ನೋಡಿ, ಹೋಗಿ ಉಣ್ತಾನೆ. ಇನ್ನೊಬ್ರಿಗೆ ಮುಟ್ಟಿದ ಮೇಲೂ ನಂಬಿಕೆ ಬರಾಕಿಲ್ಲ. ಅನ್ನ ಆರೋಗ್ತದೆ, ನಿದ್ದೆ ಹಾರೋಗ್ತದೆ. ಎಷ್ಟು ಸಲ ಅನ್ನೋದಲ್ಲ, ಬದುಕನ್ನ ಎಷ್ಟು ತಿಂದಾಕ್ತು ಅನ್ನೋದೇ ಭೇದ."

ದೊರೆ ಧಡಕ್ಕನೆ ಎದ್ದು ನಿಂತ. "ಅಂತಃಪುರದ ಸುದ್ದಿ ನಿನಗೆ ಮುಟ್ಟಿಸಿದವರು ಯಾರು? ಯಾರ ಕಡೆಯವನೋ ನೀನು?"

"ಯಾರೂ ಹೇಳಿಲ್ಲ ಬುದ್ಧೀ. ಅಮ್ಮಣ್ಣಿಯೋರ ಸೀರೆ ಒಗೆಯೋನು ನಾನು. ಆರು ತಿಂಗಳಿಂದ ಎಲ್ಲಾ ಸೆರಗಲ್ಲೂ ಕಬ್ಬಿಣದ ತುಕ್ಕಿನ ಕಲೆ. ಅನ್ನ, ಸಾರಿನ ಕಲೆ ಒಂದೂ ಇಲ್ಲ."

ಉತ್ತರ ಸರಿ ಎಂದು ಹೊನ್ನಾಜಮ್ಮ ತಲೆಯಾಡಿಸಿದಳು. ದೊರೆ ಕೂತ, ಆದರೆ ಕತ್ತಿಯ ಹಿಡಿಯಿಂದ ಕೈ ತೆಗೆಯಲಿಲ್ಲ.

"ಎರಡನೆಯದು ಕೇಳು. ಒಂದೇ ಬೀದಿಯ ಮೂವರು ಹೆಂಗಸರು ಹಗಲೆಲ್ಲ ಅಳುತ್ತಿದ್ದರು. ಪಂಡಿತರು ಮೂವರಿಗೂ ಒಂದೇ ಕಷಾಯ ಕುಡಿಸಿದರು. ಒಬ್ಬಳು ಸುಧಾರಿಸಿದಳು, ಒಬ್ಬಳು ಹಾಗೇ ಉಳಿದಳು, ಒಬ್ಬಳು ಹಾಸಿಗೆ ಹಿಡಿದಳು. ತಪ್ಪು ಕಷಾಯದ್ದೋ, ಹೆಂಗಸರದ್ದೋ?"

"ಎರಡೂ ಅಲ್ಲ, ಮೂವರನ್ನೂ ಒಂದೇ ಗಂಟು ಕಟ್ಟಿದವರದ್ದು. ಕಸುಬಿಗೆ ಇಳಿದ ಹೊಸದರಲ್ಲಿ ನಾನೂ ಹಂಗೇ ಮಾಡಿದ್ದೆ. ಹಳದಿ ಕಲೆ ಇದ್ದ ಬಟ್ಟೆನೆಲ್ಲ ಒಟ್ಟಿಗೆ ಚೌಳು ಮಣ್ಣಿನ ನೀರಿಗೆ ಅದ್ದಿಬಿಟ್ಟೆ. ಎಣ್ಣೆ ಕಲೆ ಹೋಯ್ತು, ಅರಿಶಿನದ ಕಲೆ ಕೆಂಪಗಾಗಿ ಕೂತ್ಕಂತು. ನಮ್ಮವ್ವ ಅದೇ ಒದ್ದೆ ಸೀರೆಲಿ ನನ್ನ ಬೆನ್ನಿಗೆ ಬಾರಿಸಿದ್ಲು. ಅರಿಶಿನಕ್ಕೆ ಬಿಸಿಲೇ ಮದ್ದು. ಕಣ್ಣಿಗೆ ಒಂದೇ ಥರ ಕಂಡ್ರೂ ಹೆಂಗೆ ಬಂತು, ಎಷ್ಟು ದಿನದ್ದು ಅಂತ ನೋಡಿ ಬೇರೆ ಮಾಡ್ಬೇಕು ತಾಯೀ. ಆ ಮೂವರಲ್ಲಿ ಒಬ್ಬಳು ಮೊನ್ನೆ ಮೊನ್ನೆ ಕೂಸು ಕಳಕೊಂಡಿರಬೌದು, ಅದು ದುಃಖ, ಕಾಯಿಲೆ ಅಲ್ಲ. ಒಬ್ಬಳಿಗೆ ಏನೂ ಕಾರಣ ಇಲ್ದೇ ವರ್ಷದಿಂದ ಮನಸ್ಸು ಕುಸಿದಿರಬೌದು. ಇನ್ನೊಬ್ಬಳಿಗೆ ಗಂಡ ಹೊಡೀತಿರಬೌದು."

"ಇವನಿಂದ ನಾನು ವೈದ್ಯ ಕಲಿಯಬೇಕೇ?" ಎಂದು ಪಂಡಿತ ಕೂಗಿದ. ಯಾರೂ ಅವನತ್ತ ತಿರುಗಲಿಲ್ಲ.

ಹೊನ್ನಾಜಮ್ಮನ ದನಿ ಈಗ ಸಣ್ಣದಾಯಿತು. "ಮೂರನೆಯದು. ಪಂಡಿತರು ನನಗೆ ಹುಚ್ಚು ಎಂದರು. ದಾಸಿಯರು ಗಾಳಿ ಸೋಕಿದೆ ಎಂದರು. ಅಪ್ಪಾಜಿಯವರು 'ಏನೂ ಇಲ್ಲ, ಬರೀ ಹಟ' ಎಂದರು. ಮೂವರೂ ಮಾಡಿದ್ದು ಒಂದೇ ತಪ್ಪು. ಯಾವ ತಪ್ಪು? ನನ್ನ ಕಾಯಿಲೆಯ ಹೆಸರೇನು?"

ಸಣ್ಣೀರ ಕೈ ಮುಗಿದ. "ಹೆಸರು ನಂಗೆ ಗೊತ್ತಿಲ್ಲ ಅಮ್ಮಣ್ಣೀ."

"ಎಳೆದುಕೊಂಡು ಹೋಗಿ!" ಎಂದ ದೊರೆ. ಭಟರು ರಟ್ಟೆ ಹಿಡಿದರು. ಆದರೂ ಸಣ್ಣೀರ ಮಾತು ಬಿಡಲಿಲ್ಲ. "ತಪ್ಪು ಗೊತ್ತು ಬುದ್ಧೀ! ಮೂವರೂ ಇವರನ್ನ ಕೇಳ್ದೇ ಹೇಳಿದ್ರು. ನಾನೂ ಹೇಳಿದ್ರೆ ನಾಲ್ಕನೆಯೋನಾಯ್ತೀನಿ. ತಾಯೀ, ಇದು ಯಾವಾಗಿಂದ? ಏನು ಹೆದರಿಕೆ ನಿಮಗೆ?"

ಹೊನ್ನಾಜಮ್ಮ ಬಾಯಿಬಿಟ್ಟಳು.

"ನನ್ನ ತಮ್ಮ ಬಾವಿಗೆ ಬಿದ್ದು ತೀರಿಕೊಂಡ ದಿನದಿಂದ. ಹಿತ್ತಲ ಬಾಗಿಲಿಗೆ ಚಿಲಕ ಹಾಕದೆ ಬಂದವಳು ನಾನು."

ಮಗನನ್ನು ಶತ್ರುಗಳೇ ಬಾವಿಗೆ ತಳ್ಳಿದರೆಂದು ನಂಬಿ ಆರು ತಿಂಗಳಿಂದ ಜಗತ್ತನ್ನೇ ಅನುಮಾನಿಸಿದ್ದ ದೊರೆ ಮೆಟ್ಟಿಲಿಳಿದು ಬಂದು ಮಗಳ ಮುಂದೆ ನೆಲದ ಮೇಲೆ ಕೂತ.

"ನನಗೆ ಯಾಕೆ ಹೇಳಲಿಲ್ಲ ಮಗಳೇ?"

"ನೀವು ಕೇಳಲಿಲ್ಲ ಅಪ್ಪಾಜಿ."

ಇಬ್ಬರೂ ಅತ್ತರು. ಅಳು ನಿಂತ ಮೇಲೆ ಸಣ್ಣೀರ ಹೇಳಿದ: "ದುಃಖವೂ ಐತೆ, ಅದರ ಮೇಲೆ ಬೆಳೆದ ಭಯದ ಕಾಯಿಲೆನೂ ಐತೆ. ಹಟ ಅಲ್ಲ. ಕಾಯಿಲೆಗೆ ಹೆಸರಿಡೋದು ಮದ್ದು ಹುಡುಕಾಕೆ, ಮನುಷ್ಯರನ್ನ ಕೂಡಿಹಾಕಾಕಲ್ಲ. ಸರಿಯಾದ ಹೆಸರು, ಮದ್ದು ಎರಡನ್ನೂ ಪಂಡಿತರು ಇವರ ಹತ್ರ ಕೂತು, ಕೇಳಿ ಹುಡುಕಲಿ."

"ಮೂರೂ ಬಿಡಿಸಿದ" ಎಂದಳು ಹೊನ್ನಾಜಮ್ಮ. ದೊರೆ ತಲೆ ತೆಗೆಯುವ ಅಪ್ಪಣೆಯನ್ನು ಹಿಂತೆಗೆದುಕೊಂಡ, ಸೆರೆಯಲ್ಲಿದ್ದ ಇಬ್ಬರ ತಲೆಯೂ ಉಳಿಯಿತು. ಸಣ್ಣೀರನಿಗೆ ದೊರೆ ಕೆರೆಯ ಕೆಳಗಿನ ಎರಡು ಗದ್ದೆ ಕೊಟ್ಟ. ಇನ್ನೇನು ಬೇಕೆಂದು ಕೇಳಿದಾಗ ಅವನು, ಕಲ್ಲುಮನೆಯಲ್ಲಿರುವ ಒಬ್ಬೊಬ್ಬರ ಕಷ್ಟವನ್ನೂ ಪಂಡಿತರು ಕೂತು ಕೇಳಬೇಕು ಎಂದ. ರಾಜಕುಮಾರಿ ಮರುದಿನವೇ ಗುಣವಾದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವರ್ಷ ಹಿಡಿಯಿತು.

ಒಗಟು ಬಿಡಿಸಿದ ಮರುದಿನ ಶೇಷಪಂಡಿತ ಗೊಣಗುತ್ತಲೇ ಕಲ್ಲುಮನೆಯೊಳಗೆ ಹೋಗಿ, ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದ ಮುದುಕಿಯೊಬ್ಬಳ ಎದುರು ಕೂತು, "ನಿನಗೆ ಏನು ಕಷ್ಟವಮ್ಮ?" ಎಂದು ಕೇಳಿದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದಳು.

"ಇವತ್ತು ಯಾಕೆ ಕೇಳ್ತಾ ಇದೀಯ?"

ಪಂಡಿತ ಕೈಯಲ್ಲಿದ್ದ ಓಲೆಯನ್ನು ಪಕ್ಕಕ್ಕಿಟ್ಟು, ಇನ್ನಷ್ಟು ಹತ್ತಿರ ಸರಿದು ಕೂತ.