ಜೇಡದ ಕಸುಬು

ಬೆಟ್ಟದ ಗಾಳಿಯಂತ್ರದ ಕರೆಂಟು ಮಾರುವ ಕಾಗೆಯ ಬಳಿ ಜೇಡವೊಂದು ಕೆಲಸ ಕೇಳಿಕೊಂಡು ಬಂತು.

"ನಿನ್ನ ಕಸುಬೇನು?" ಎಂದಿತು ಕಾಗೆ.

"ಗಾಳಿ ಯಾವಾಗ ಬೀಸುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತೇನೆ, ಆ ಲೆಕ್ಕ ನೋಡಿ ತಾನೇ ಕರೆಂಟು ಕೂಡಿಡುವ, ಬಿಡುವ ಬಲೆ ನೇಯುತ್ತೇನೆ, ಕರೆಂಟಿನ ಸಂತೆಯ ಏರಿಳಿತವನ್ನೂ ಬಲ್ಲೆ."

"ಯಾವುದಾದರೂ ಒಂದು ಹಿಡಿ. ಮೂರಕ್ಕೂ ಕೈ ಹಾಕಿದವರು ಉದ್ಧಾರವಾಗಿಲ್ಲ."

"ಇವತ್ತೊಂದು ದಿನ ನನಗೆ ಬಿಡಿ. ಸೋತರೆ ಬಲೆ ಕಿತ್ತು ಬಿಸಾಡಿ."

ಮಧ್ಯಾಹ್ನ ಬಿಸಿಲಿನ ಕರೆಂಟು ಸಂತೆಗೆ ನುಗ್ಗಿ ದರ ನೆಲಕಚ್ಚಿತು. ಜೇಡ ನೇಯ್ದ ಬಲೆ ಗಾಳಿಯ ಕರೆಂಟನ್ನೆಲ್ಲ ಮಾರದೆ ಗಾಳಿಯಂತ್ರದ ಬ್ಯಾಟರಿಗೆ ತುಂಬಿಸಿತು. ಲೆಕ್ಕ ಹೇಳಿದಂತೆಯೇ ಸಂಜೆ ಗಾಳಿ ನಿಂತಿತು, ದರ ಗಗನಕ್ಕೇರಿತು. ಆಗ ಬಲೆಯೇ ಬ್ಯಾಟರಿಯನ್ನು ತೆರೆಯಿತು. ಊರಿಗೆ ಊರೇ ಬೆಳಗಿತು.

ಕಾಗೆ ತಲೆಬಾಗಿತು. "ಇನ್ನು ಮಾರಾಟವೆಲ್ಲ ನಿನ್ನದೇ. ಆದರೂ ಮೂರರಲ್ಲಿ ನಿನ್ನ ಕಸುಬು ಯಾವುದು?"

"ನನ್ನ ಎಂಟು ಕಾಲುಗಳಲ್ಲಿ ನಾನು ನಡೆಯುವುದು ಯಾವುದರಿಂದ, ನೀವೇ ಹೇಳಿ," ಎಂದಿತು ಜೇಡ.