ಮೂರು ದಿನದ ಮಹಾರಾಜ

"ನನ್ನ ಕೈ ಹಿಡಿಯುವವಳು ನನ್ನನ್ನು ಮಹಾರಾಜನ ಹಾಗೆ ನೋಡಿಕೊಳ್ಳಬೇಕು. ಎಳ್ಳಷ್ಟೂ ಕಮ್ಮಿಯಾಗಬಾರದು!"

ತುಂಬಿದ ಸಭೆಯಲ್ಲಿ ಮೀಸೆ ತಿರುವುತ್ತ ಹೀಗೆಂದವನು ಮದನರಾಯ, ಮಹಾರಾಣಿಯ ಮುದ್ದಿನ ತಮ್ಮ. ಸ್ವಂತದ್ದು ಎನ್ನಲು ಅವನಿಗಿದ್ದದ್ದು ಆ ಮೀಸೆಯೊಂದೇ. ಆದರೂ ಹನ್ನೊಂದು ಮನೆಗಳಲ್ಲಿ ಹೆಣ್ಣು ನೋಡಿ, ಚಕ್ಕುಲಿ ತಿಂದು, ಮೂಗು ಮುರಿದು ಬಂದಿದ್ದ. ಈಗ ಅವನ ಕಣ್ಣು ಬಿದ್ದದ್ದು ಪದುಮಲೆಯ ಮೇಲೆ. ಅವಳು ಆಸ್ಥಾನದ ಜಾಣ ಸಿಂಗಣ್ಣನ ತಂಗಿಯ ಮಗಳು; ತಂದೆಯಿಲ್ಲದೆ ಸೋದರಮಾವನ ಮನೆಯಲ್ಲೇ ಬೆಳೆದವಳು.

"ನಾನು ಎದ್ದಾಗಲೇ ಬೆಳಗು. ಕರೆದರೆ ಓಡಿ ಬರಬೇಕು. ಹುಲ್ಲುಕಡ್ಡಿ ಎತ್ತಿಡು ಅಂತಲೂ ನನಗೆ ಹೇಳಬಾರದು," ಎಂದ ಮದನರಾಯ.

"ಇಷ್ಟಕ್ಕೆಲ್ಲ ಅವಳಿಗೇನು ಸಿಗುತ್ತದೆ, ಸ್ವಾಮಿ?" ಸಿಂಗಣ್ಣ ಕೇಳಿದ.

"ಏನು ಅಂದರೆ? ನಾನು ಸಿಗುತ್ತೇನಲ್ಲ!"

ಸಭೆ ನಗು ನುಂಗಿಕೊಂಡಿತು. ಶತ್ರುಗಳಿಗೆ ಹೆದರದ ದೊರೆ ರಾಣಿಗೆ ಹೆದರುತ್ತಿದ್ದ. "ಬರುವ ವಾರವೇ ಲಗ್ನವಾಗಲಿ," ಎಂದುಬಿಟ್ಟ.

ಮನೆಗೆ ಬಂದ ಸಿಂಗಣ್ಣ ಪದುಮಲೆಗೆ ಎಲ್ಲ ಹೇಳಿದ. ಎದುರಾಡಿದರೆ ತನ್ನ ತಲೆ ಹೋಗುತ್ತದೆ, ಸುಮ್ಮನಿದ್ದರೆ ಹುಡುಗಿಯ ಬಾಳು.

"ಮಾವ, ದೊರೆಗಳ ದಿನ ಹೇಗಿರುತ್ತೆ ಅಂತ ಆ ಮದನರಾಯರು ಯಾವತ್ತಾದರೂ ನೋಡಿದ್ದಾರಾ?" ಪದುಮಲೆ ಕೇಳಿದಳು.

"ಎಲ್ಲಿ ನೋಡ್ತಾನೆ? ಅವನು ಏಳೋ ಹೊತ್ತಿಗೆ ದೊರೆಗಳ ಅರ್ಧ ದಿನ ಮುಗಿದಿರುತ್ತೆ ಕಣೇ." ಹಾಗೆಂದವನೇ ಸಿಂಗಣ್ಣ ಉಪಾಯ ಸಿಕ್ಕವನಂತೆ ಬಾಯ್ತುಂಬ ನಕ್ಕ.

ಮರುದಿನ ಸಭೆಯಲ್ಲಿ ಕೈಮುಗಿದ. "ಪ್ರಭು, ಹುಡುಗಿಗೆ ರೂಢಿಯಾಗಲಿ. ಮೂರು ದಿನ ಅವಳು ಹೇಳಿದಂತೆ ಅರಮನೆಯ ಊಳಿಗದವರು ಮದನರಾಯರನ್ನು ದೊರೆಗಳಾದ ತಮ್ಮಂತೆಯೇ ನೋಡಿಕೊಳ್ಳಲಿ. ಹಿಡಿಸದಿದ್ದರೆ ಮದುವೆ ಬೇಡ ಎನ್ನುವ ಹಕ್ಕು ಇವರದು."

ಮದನರಾಯ ಹಿಗ್ಗಿ ಹೀರೇಕಾಯಿಯಾದ.

ಮೊದಲ ದಿನ ಕೋಳಿ ಕೂಗುವ ಮುಂಚೆ ತಲೆಯ ಬಳಿ ನಗಾರಿ ಬಡಿಯಿತು. ತಣ್ಣೀರ ಸ್ನಾನ, ಉದ್ದನೆಯ ಪೂಜೆ. ಎಲೆಗೆ ಹೋಳಿಗೆ ಬಿದ್ದರೆ, ಅರಮನೆಯ ಪದ್ಧತಿಯಂತೆ ವಿಷಪರೀಕ್ಷೆಯವನು ಮೊದಲು ತಿಂದ. ಅವನು ಸಾಯುತ್ತಾನೋ ಇಲ್ಲವೋ ಎಂದು ಎರಡು ಗಳಿಗೆ ಎಲ್ಲರೂ ಕಾದರು. ಅವನೇನೋ ಸಾಯಲಿಲ್ಲ, ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಯಿತು.

ಎರಡನೆಯ ದಿನ ಹಲಸಿನ ಮರಕ್ಕಾಗಿ ಜಗಳವಾಡುವ ಅಣ್ಣತಮ್ಮಂದಿರ ದೂರು ಸಂಜೆಯವರೆಗೆ ಕೇಳಬೇಕಾಯಿತು. ತೂಕಡಿಸಿದಾಗಲೆಲ್ಲ ಚಾಮರದವಳು ಮೂಗಿಗೆ ತಾಗಿಸಿ ಬೀಸಿದಳು.

ಮೂರನೆಯ ದಿನ ಬೇಟೆಗಾರರು ಬಂದರು. "ಕಾಡಂಚಿನ ಹಳ್ಳಿಗೆ ಹುಲಿ ನುಗ್ಗಿದೆ. ಪದ್ಧತಿಯಂತೆ ಮಹಾರಾಜರು ಮುಂದೆ, ನಾವು ಹಿಂದೆ."

ಮದನರಾಯ ಒಂದೇ ಉಸಿರಿಗೆ ಸಭೆಗೆ ಓಡಿ ಬಂದ. "ಭಾವ! ನನಗೆ ಈ ಹುಡುಗಿ ಬೇಡವೇ ಬೇಡ! ಇದೂ ಒಂದು ಉಪಚಾರವೇ?"

"ಇದೇ ಉಪಚಾರ," ಎಂದ ದೊರೆ ನಿಟ್ಟುಸಿರಿಟ್ಟು. "ಪಟ್ಟಕ್ಕೆ ಬಂದ ಮೇಲೆ ನಾನು ಬಿಸಿ ಅನ್ನ ಕಂಡಿಲ್ಲ ಮಾರಾಯ. ಹಾಗಾದರೆ ನೀನು ಕೇಳಿದ್ದಾದರೂ ಯಾವ ರಾಜನ ವೈಭೋಗ?"

ಸಿಂಗಣ್ಣ ಬಾಯಿ ತೆರೆಯುವಷ್ಟರಲ್ಲಿ, ಮಾವನ ಹಿಂದೆ ನಿಂತಿದ್ದ ಪದುಮಲೆ ಮುಂದೆ ಬಂದಳು.

"ಪ್ರಭು, ಇವರು ಕೇಳಿದ್ದು ರಾಜನ ವೈಭೋಗವಲ್ಲ, ಹಾಲು ಕುಡಿಯೋ ಕೂಸಿನದು. ಅದಕ್ಕೆ ಮದುವೆ ಮಾಡಿಸಬೇಕಿಲ್ಲ. ಒಂದು ತೊಟ್ಟಿಲು ಕಟ್ಟಿಸಿ, ಸಾಕು."

ಮೊದಲು ನಕ್ಕದ್ದು ಪರದೆಯ ಹಿಂದಿದ್ದ ಮಹಾರಾಣಿ. ಆಮೇಲೆ ದೊರೆಗೂ ನಗುವ ಧೈರ್ಯ ಬಂತು.