ಗಿಟಾರಿನೊಳಗಿನ ಜೋಳದ ಕಾಳು

ಒಂದು ಜೋಳದ ಕಾಳು ಗಿಟಾರು ಆರಿಸಿಕೊಟ್ಟಿತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಒಂದು ಸೋಮವಾರ ಮಲಪ್ರಭೆಯ ದಂಡೆಗೆ ಹೋಗಿ, ಮರುಳಯ್ಯಜ್ಜನ ಮಠದ ಭಜನೆಯಲ್ಲಿ ಕೂತು ಬಂದು ಆಮೇಲೆ ಮಾತಾಡಿ.

ಆ ಮಠದ ಶಿಷ್ಯ ಗುದ್ನೆಪ್ಪ, ದನದ ದಲ್ಲಾಳಿಯ ಮಗ. ಸುತ್ತ ಏಳು ಹಳ್ಳಿಯಲ್ಲಿ ಕರೆಂಟಿನ ಗಿಟಾರು ಬಾರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬಾರಿಸುವವನೇ ಅವನೊಬ್ಬ.

ಅವನಿಗೆ ಇದ್ದದ್ದು ಒಂದೇ ಆಸೆ. ಸೋಮವಾರದ ಭಜನೆಯಲ್ಲಿ ಅಜ್ಜನ ಬಲಗಡೆ ಕೂತು ಬಾರಿಸಬೇಕು.

"ಕೂಡು," ಅಂದರು ಅಜ್ಜ. "ಆದ್ರ ಇಲ್ಲಿ ನಡುಪದದಾಗ ಕರೆಂಟು ಹೋಗ್ತದ. ಆವಾಗ ನಿನ್ನ ಗಿಟಾರು ಏನು ಮಾಡ್ತದ?"

"ಅದಕ್ಕೂ ಒಂದು ಅದ, ಅಜ್ಜಾರ. ಅರ್ಧ ಪೊಳ್ಳು ಗಿಟಾರು. ಸೆಮಿ-ಹಾಲೋ ಅಂತಾರ. ಎರಡೂ ಪಕ್ಕ ಪೊಳ್ಳು, ನಡುವ ಗಟ್ಟಿ ಕಟ್ಟಿಗಿ. ಕರೆಂಟು ಇದ್ರ ಊರಿಗೆಲ್ಲ ಕೇಳ್ತದ. ಇಲ್ಲದಿದ್ರ ಪಕ್ಕದಾಗ ಕುಂತವರಿಗೆ ಕೇಳ್ತದ."

"ಪಕ್ಕದಾಗ ನಾನ ಇರ್ತೀನಲ್ಲ. ಸಾಕು. ತಗೊಂಡು ಬಾ."

"ಚಲೋದು ಭಾಳ ತುಟ್ಟಿ. ನನ್ನ ಹತ್ರ ಒಂದು ಹೋರಿ ಮಾರಿದ ರೊಕ್ಕ ಅಷ್ಟ ಅದ."

"ಹಂಗಾದ್ರ ಒಂದು ಹೋರಿಯಷ್ಟು ಗಿಟಾರು ಹುಡುಕು."

ಗುದ್ನೆಪ್ಪ ಹುಬ್ಬಳ್ಳಿಯ ಗಿಟಾರಿನ ಅಂಗಡಿಗೆ ಹೋದ. ದನದ ಸಂತೆಯಲ್ಲಿ ಅಪ್ಪ ಮಾಡುತ್ತಿದ್ದಂತೆಯೇ, ಅಂಗಡಿಯವನ ಕೈಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ. ಅಂಗಡಿಯವನು ಜನ್ಮದಲ್ಲಿ ಅಂಥದ್ದು ಕಂಡಿರಲಿಲ್ಲ. ಗಾಬರಿಯಲ್ಲೇ ಬೆಲೆ ಅರ್ಧಕ್ಕೆ ಇಳಿಸಿದ. ಎಂಟು ದಿನದೊಳಗೆ ತಂದರೆ ಬದಲಿಸಿಕೊಡಲಿಕ್ಕೂ ಒಪ್ಪಿದ.

ಮಾವಿನ ಹಣ್ಣಿನ ಬಣ್ಣದ ಗಿಟಾರು. ಎದೆಯ ಮೇಲೆ ಆಚೆಗೊಂದು ಈಚೆಗೊಂದು ಬಾಗಿದ ತೂತು.

"ಅರ್ಧಕ್ಕ ಇಳಿಸೇನಿ, ಅಜ್ಜಾರ. ಅಪ್ಪನ ಕೈಲೂ ಆಗ್ತಿರಲಿಲ್ಲ."

"ಬಾರಿಸಿ ನೋಡಿದೇನು?"

"ಬೆರಳು ಟವೆಲ್ಲಿನ ಕೆಳಗ ಇದ್ವಲ್ಲ."

ಅಜ್ಜ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಒಂದು ಕಾಳು ತೆಗೆದು ಗಿಟಾರಿನ ತೂತಿಗೆ ಹಾಕಿದರು. ಕಾಳು ಟಪ್ಪನೆ ಪುಟಿದು ಅಂಗಳಕ್ಕೆ ಬಿತ್ತು. ಕೋಳಿ ಓಡಿಬಂದು ನುಂಗಿತು.

ಗುದ್ನೆಪ್ಪ ಬಗ್ಗಿ ನೋಡಿದ. ತೂತಲ್ಲ. ಕಪ್ಪು ಬಣ್ಣ.

"ಕೋಳಿಗೆ ಕಾಳು ಸಿಕ್ತು," ಅಂದರು ಅಜ್ಜ. "ನಿನಗೇನು ಸಿಕ್ತು?"

ಮರುದಿನವೇ ಬದಲಿಸಿ ತಂದ.

"ಈ ಸಲ ತೂತಿನಾಗ ಬೆರಳ ಹಾಕಿ ನೋಡೇನಿ. ನನಗ ಎರಡು ಸಲ ಮೋಸ ಮಾಡೋ ಮಗ ಹುಟ್ಟಿಲ್ಲ."

ಅಜ್ಜ ಇನ್ನೊಂದು ಕಾಳು ಹಾಕಿದರು. ಒಳಗೆ ಹೋಯಿತು. ಗಿಟಾರು ಬೋರಲು ಮಾಡಿ ಅಲ್ಲಾಡಿಸಿದರು. ಎಡಗಡೆಯಿಂದ ಹೋದ ಕಾಳು ಬಲಗಡೆಯ ತೂತಿನಿಂದ ಹೊರಬಿತ್ತು.

"ನಡುವ ಗಟ್ಟಿ ಕಟ್ಟಿಗಿ ಅಂದಿದ್ದಿ. ಎಲ್ಲಿ ಅದ?"

"ಮೊದಲು ಧ್ವನಿ ಕೇಳ್ರಿ ಅಜ್ಜಾರ," ಅಂದವನೇ ಗುದ್ನೆಪ್ಪ ಭಜನೆಯ ಸ್ಪೀಕರಿಗೆ ವೈರು ಚುಚ್ಚಿದ.

ಅವನು ತಂತಿ ಮುಟ್ಟುವ ಮೊದಲೇ ಗಿಟಾರು ಊಳಿಟ್ಟಿತು. ಹೊಳೆಯಾಚೆಯ ನಾಯಿಗಳು ಉತ್ತರ ಕೊಟ್ಟವು.

"ಪೂರಾ ಪೊಳ್ಳು," ಅಂದರು ಅಜ್ಜ. "ಕೇಳೋಕಿಂತ ಮೊದಲ ಬಾಯಿ ತೆಗಿತದ. ಅಂಥವ ಮಠದಾಗ ಈಗಾಗಲೇ ಒಬ್ಬ ಅದಾನ."

ಮಠಕ್ಕೆ ಮಠವೇ ನಕ್ಕಿತು. ಗುದ್ನೆಪ್ಪನೂ ನಕ್ಕ, ಸ್ವಲ್ಪ ತಡವಾಗಿ.

ಎಂಟನೆಯ ದಿನ ಬಂತು. ಅವತ್ತೇ ಸೋಮವಾರ. ಬದಲಿಸಲಿಕ್ಕೆ ಅದೇ ಕಡೆಯ ದಿನ.

ಗುದ್ನೆಪ್ಪ ಟವೆಲ್ಲನ್ನು ಗೂಟಕ್ಕೆ ಹಾಕಿ, ಅಜ್ಜನ ಮುಂದೆ ಕೈಚಾಚಿದ.

"ಅಜ್ಜಾರ, ಒಂದು ಕಾಳು ಕೊಡ್ರಿ. ಸಂಜೀಕ ವಾಪಸ್ ಕೊಡ್ತೀನಿ."

ಅಜ್ಜ ಕೊಟ್ಟರು.

ಅಂಗಡಿಯವನು ಅವನನ್ನು ಕಂಡದ್ದೇ ಟವೆಲ್ಲಿಗಾಗಿ ಕೈ ಮುಂದೆ ಮಾಡಿದ. ಗುದ್ನೆಪ್ಪ ಬೆಲೆ ಕೇಳಲಿಲ್ಲ. ವೈರು ಚುಚ್ಚಲಿಲ್ಲ. ಒಂದೊಂದೇ ಗಿಟಾರು ಎತ್ತಿ, ಕಟ್ಟಿಗೆಗೆ ಕಿವಿ ಹಚ್ಚಿ, ಮೆಲ್ಲಗೆ ಬಾರಿಸಿದ. ಮಧ್ಯಾಹ್ನವಾಯಿತು. ಮೂಲೆಯಲ್ಲೊಂದು ಬಣ್ಣ ಮಾಸಿದ ಹಳೆಯದಿತ್ತು. ಕತ್ತು ನೆಟ್ಟಗಿತ್ತು, ಎಲ್ಲಿ ಒತ್ತಿದರೂ ಸ್ವರ ತಪ್ಪಲಿಲ್ಲ. ಕಾಳು ಹಾಕಿ ಅಲ್ಲಾಡಿಸಿದ. ಎಡಗಡೆ ಬಿದ್ದ ಕಾಳು ಎಡಗಡೆಯೇ ಉಳಿಯಿತು.

"ಅದನ್ನ ಯಾರೂ ಕೇಳಂಗಿಲ್ರಿ," ಅಂದ ಅಂಗಡಿಯವನು. "ನೀವು ತಂದದ್ದು ಇಟ್ಟು, ಅದನ್ನ ಒಯ್ರಿ."

ಆ ಸಂಜೆ ಗುದ್ನೆಪ್ಪ ಅಜ್ಜನ ಬಲಗಡೆ ಕೂತ. ನಡುಪದದಲ್ಲಿ ಕರೆಂಟು ಹೋಯಿತು. ಗಿಟಾರು ನಿಲ್ಲಲಿಲ್ಲ. ಅಜ್ಜ ಅತ್ತ ಕಿವಿ ವಾಲಿಸಿ ಹಾಡಿದರು.

ಗುದ್ನೆಪ್ಪನಿಗೆ ಹುರುಪೇರಿತು. ಹಿಂದಿನ ಸಾಲಿನವರಿಗೂ ತನ್ನ ಕೈ ತಿಳಿಯಲಿ ಅಂತ ತಂತಿ ಜಗ್ಗಿ ಹೊಡೆದ. ಒಳಗೆ ಕಾಳು ಗಿಲಿಗಿಲಿ ಅಂದಿತು. ಮೆಲ್ಲಗೆ ಬಾರಿಸಿದ. ಕಾಳು ಸುಮ್ಮನಾಯಿತು.

ಭಜನೆ ಮುಗಿದ ಮೇಲೆ ಗಿಟಾರನ್ನು ಬೋರಲು ಹಿಡಿದು ಎಷ್ಟು ಝಾಡಿಸಿದರೂ ಕಾಳು ಹೊರಬರಲಿಲ್ಲ.

"ಅಜ್ಜಾರ, ನಿಮ್ಮ ಕಾಳು ಒಳಗ ಸಿಕ್ಕೊಂಡದ. ಹೆಂಗ ವಾಪಸ್ ಕೊಡ್ಲಿ?"

"ಬ್ಯಾಡ," ಅಂದರು ಅಜ್ಜ. "ಗಿಟಾರು ನೀನು ತಂದದ್ದು. ಕಾಳು ನಾನು ಕೊಟ್ಟದ್ದು. ಒಳಗ ಇರಲಿ."